ಕ್ರೋಧದಿಂದ ಉತ್ಸಾಹಕ್ಕೆ: ‘ಗರ್ಲ್‌ಫೈಟ್’ ಚಿತ್ರದ ವಿಮರ್ಶೆ

ಕಲ್ಯಾಣದಲ್ಲಿ ರಾಜ್ಯವಾಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು (1126–1138) ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಮಹಾಗ್ರಂಥದಲ್ಲಿ ಮಲ್ಲವಿನೋದವೆಂಬುದೊಂದು ಪ್ರಕರಣವುಂಟು. ಮಲ್ಲರನ್ನು ವಯಸ್ಸು, ದೇಹ, ಬಲಗಳಿಗನುಸಾರವಾಗಿ ವಿಂಗಡಿಸುವ ಬಗೆ, ಅವರಿಗೆ ಕೊಡತಕ್ಕ ಆಹಾರ, ಮಾಡಿಸತಕ್ಕ ವ್ಯಾಯಾಮ, ಅವರು ಕಲಿಯತಕ್ಕ ಪಟ್ಟುಗಳ ಹೆಸರು, ಇವೆಲ್ಲವೂ ಅಲ್ಲಿ ನಿರೂಪಿತವಾಗಿವೆ. ಸ್ತ್ರೀಯ ಪ್ರಸ್ತಾಪವು ಅಲ್ಲಿ ಬರುವುದು ಮಲ್ಲನು ದೂರವಿರತಕ್ಕ ವಿಷಯಗಳಲ್ಲೊಂದಾಗಿ. ಸ್ತ್ರೀಯೇ ಮಲ್ಲಳಾಗಿ ಕಣಕ್ಕಿಳಿದರೆ ಅವಳನ್ನು ಯಾವ ವರ್ಗದಲ್ಲಿ ಎಣಿಸಬೇಕೆಂಬ ಪ್ರಶ್ನೆಯು ಆ ಕಾಲದ ಶಾಸ್ತ್ರಕಾರನಿಗೆ ಏಳಲೇ ಇಲ್ಲ. ಆ ಪ್ರಶ್ನೆಯನ್ನೇ ಕಥಾವಸ್ತುವಾಗಿ ಮಾಡಿಕೊಂಡ ಚಲಚ್ಚಿತ್ರವೊಂದು 2000ದಲ್ಲಿ ಅಮೆರಿಕದಲ್ಲಿ ಹುಟ್ಟಿತು. ಅದರ ಹೆಸರು ‘ಗರ್ಲ್‌ಫೈಟ್’.

ಇದು ಶ್ರೀಮಂತರ ಚಿತ್ರವಲ್ಲ. ಇದಕ್ಕೆ ತಗುಲಿದ ವೆಚ್ಚವು ಸುಮಾರು 10 ಲಕ್ಷ ಡಾಲರು. ಆ ದೇಶದ ಚಿತ್ರೋದ್ಯಮದ ಲೆಕ್ಕದಲ್ಲಿ ಇದು ತೀರ ಅಲ್ಪವಾದ ಮೊತ್ತ. ನಿರ್ದೇಶಕಿ ಕ್ಯಾರಿನ್ ಕುಸಾಮಾ ಅವರಿಗೆ ಇದು ಮೊದಲನೆಯ ಚಿತ್ರ. ಬಾಕ್ಸಿಂಗ್ ಎಂದು ಈಗ ಮನೆಮಾತಾಗಿರುವ ಮುಷ್ಟಿಯುದ್ಧವನ್ನು ಅವರು ತಾವೇ ಕಲಿತಿದ್ದರು. ಹಣವನ್ನು ಒದಗಿಸಬೇಕಾಗಿದ್ದವರು ಹಿಂಜರಿದಾಗ ಪ್ರಸಿದ್ಧ ನಿರ್ದೇಶಕರಾದ ಜಾನ್ ಸೇಲ್ಸ್ ಅವರೂ ಅವರ ಸಹಕಾರಿಗಳೂ ಕೈಹಿಡಿದು ನಡೆಸಿದರು. ನಾಯಿಕೆಯ ಪಾತ್ರವನ್ನು ವಹಿಸಿದ ಮಿಶೆಲ್ ರಾಡ್ರಿಗಸ್ ಅದುವರೆಗೆ ಚಿತ್ರದಲ್ಲಿ ಮುಖ್ಯಪಾತ್ರವನ್ನು ಧರಿಸಿದವರಲ್ಲ, ಮುಷ್ಟಿಯುದ್ಧವನ್ನು ಅರಿತವರೂ ಅಲ್ಲ. ಪಾತ್ರಕ್ಕಾಗಿಯೇ ಕೆಲವು ತಿಂಗಳು ಬೆವರು ಸುರಿಸಿ ಆ ವಿದ್ಯೆಯನ್ನು ಕಲಿತರು. ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ 2000ದಲ್ಲಿ ಈ ಚಿತ್ರಕ್ಕೆ ನಿರ್ದೇಶನದ ಬಹುಮಾನವೂ, ಮತ್ತೊಂದು ಚಿತ್ರದೊಡನೆ ಹಂಚಿಕೊಂಡ ಅತ್ಯುಚ್ಚ ಬಹುಮಾನವೂ ದೊರೆತುವು.

ಕಥೆಯು ಸರಳವಾದುದು. ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿ ಬಡವರ ವಸತಿಯೊಂದರಲ್ಲಿ ಡಯಾನಾ ಎಂಬ ಹುಡುಗಿಯು ತಂದೆ ಮತ್ತು ತಮ್ಮನೊಡನೆ ವಾಸಿಸುತ್ತಾಳೆ. ತಾಯಿಯು ಗಂಡನ ಕ್ರೌರ್ಯವನ್ನು ತಾಳಲಾರದೆ ಪ್ರಾಣ ಕಳೆದುಕೊಂಡವಳು. ಡಯಾನಾ ಶಾಲೆಯಲ್ಲಿ ಪದೇ ಪದೇ ಹೊಡೆದಾಟಕ್ಕಿಳಿದು ಹೊರಹಾಕಿಸಿಕೊಳ್ಳುವ ಅಂಚಿಗೆ ಬಂದಿರುವಳು. ಮಗನು ಗಂಡಸಾಗಬೇಕೆಂದು ತಂದೆಯು ಅವನ ಮುಷ್ಟಿಯುದ್ಧದ ಪಾಠಕ್ಕೆ ಹಣ ತೆರುತ್ತಾನೆ. ಆ ಹುಡುಗನ ಮನಸ್ಸಾದರೋ ಚಿತ್ರಕಲೆಯಲ್ಲಿದೆ. ಮಗಳಿಗೆ ಮಾತ್ರ ಹೆಣ್ಣಿನಂತೆ ಇರು ಎಂಬ ಉಪದೇಶವೊಂದೇ. ತಮ್ಮನನ್ನು ಕಾಣಲು ಗರಡಿಗೆ ಹೋದ ಡಯಾನಾ ಅಲ್ಲಿಯ ವಿದ್ಯೆಗೆ ಮನಸೋತು, ಹೆಕ್ಟರ್ ಎಂಬ ವಸ್ತಾದನ ಬಳಿ ತಂದೆಗೆ ತಿಳಿಯದಂತೆ ಕಲಿಯತೊಡಗುತ್ತಾಳೆ. ತಮ್ಮನು ತನ್ನ ಪಾಠವನ್ನು ಬಿಟ್ಟು ಆ ಹಣವನ್ನು ಅಕ್ಕನಿಗೆ ಒಪ್ಪಿಸುತ್ತಾನೆ. ಅದೇ ಗರಡಿಯ ಏಡ್ರಿಯನ್ ಎಂಬ ತರುಣನೊಡನೆ ಅವಳಿಗೆ ಪ್ರೇಮ ಬೆಳೆಯುತ್ತದೆ. ಕೊನೆಗೆ ಸ್ಪರ್ಧೆಯ ಅಂತಿಮ ಕಾಳಗದಲ್ಲಿ ಅವನೇ ಅವಳಿಗೆ ಎದುರಾಳಿಯಾಗಿ ನಿಲ್ಲುತ್ತಾನೆ.

ಹೊಡೆದಾಟದ ಚಿತ್ರವೆಂದರೆ ವೀರರಸವೆಂದು ಎಣಿಸುವುದು ವಾಡಿಕೆ. ಆದರೆ ಭರತಮುನಿಯು ವೀರಕ್ಕೂ ರೌದ್ರಕ್ಕೂ ಇರುವ ಅಂತರವನ್ನು ಸ್ಪಷ್ಟವಾಗಿ ತೋರಿಸಿರುವನು. ರೌದ್ರದ ಸ್ಥಾಯಿಭಾವವು ಕ್ರೋಧ. ಅದರ ಅಧಿದೇವತೆ ರುದ್ರನು. ವೀರದ ಸ್ಥಾಯಿಭಾವವು ಉತ್ಸಾಹ. ಅದರ ಅಧಿದೇವತೆ ಮಹೇಂದ್ರನು. ಹೊರಗಿನ ಕ್ರಿಯೆಯು ಎರಡರಲ್ಲಿಯೂ ಒಂದೇ ಇರಬಹುದು, ಎತ್ತಿದ ಕೈಯೂ ಒಂದೇ ಇರಬಹುದು. ಒಳಗಿನ ಭಾವವು ಬೇರೆ. ‘ಗರ್ಲ್‌ಫೈಟ್’ ಚಿತ್ರದ ಹಿರಿಮೆಯೆಲ್ಲ ಈ ಅಂತರವನ್ನು ಒಬ್ಬಳೇ ಹುಡುಗಿಯ ದೇಹದಲ್ಲಿ ತೋರಿಸಿಕೊಟ್ಟುದರಲ್ಲಿದೆ. ಮೊದಲಲ್ಲಿ ಶಾಲೆಯ ಓಣಿಯಲ್ಲಿ ತಲೆ ತಗ್ಗಿಸಿ ನಿಂತ ಡಯಾನಾ ಕಣ್ಣೆತ್ತಿ ನೋಡುವ ಆ ನೋಟವೇ ರೌದ್ರದ ಮೂರ್ತಿ. ಅವಳ ಹೊಡೆತಕ್ಕೆ ಗುರಿಯಿಲ್ಲ, ನಿಯಮವಿಲ್ಲ. ಗರಡಿಯಲ್ಲಿ ಹೆಕ್ಟರನು ಅವಳಿಗೆ ಮೊದಲು ಕಲಿಸುವುದು ಹೊಡೆಯುವುದನ್ನಲ್ಲ, ನಿಲ್ಲುವುದನ್ನು. ಹೆಜ್ಜೆ ಇಡುವುದು, ಹಗ್ಗ ಹಾರುವುದು, ಉಸಿರು ಹಿಡಿಯುವುದು, ಪೆಟ್ಟು ತಪ್ಪಿಸುವುದು ಮುಂತಾದ ಅಭ್ಯಾಸಗಳನ್ನು ಚಿತ್ರವು ಅವಸರಪಡದೆ ತೋರಿಸುತ್ತದೆ. ಗುರುಮುಖದಿಂದ ಏನನ್ನಾದರೂ ಕಲಿತವರೆಲ್ಲರಿಗೂ ಈ ದೃಶ್ಯಗಳು ಪರಿಚಿತವಾಗಿ ತೋರುವುವು. ಕ್ರೋಧವು ಶಿಕ್ಷಣಕ್ಕೆ ಒಳಪಟ್ಟು ಉತ್ಸಾಹವಾಗುವ ಕ್ರಮವಿದು.

ಈ ಪರಿಣಾಮಕ್ಕೆ ಪರೀಕ್ಷೆಯು ಮನೆಯಲ್ಲಿಯೇ ಒದಗುತ್ತದೆ. ಹುಮನಾಬಾದಿನ ವೀರಭದ್ರೇಶ್ವರನ ಸನ್ನಿಧಿಯನ್ನು ಕಂಡ ವಾಚಕರಿಗೆ ದಕ್ಷಯಜ್ಞದ ಕಥೆಯನ್ನು ಹೇಳಬೇಕಾದುದಿಲ್ಲ. ತಂದೆಯಿಂದ ಅಪಮಾನಿತಳಾದ ದಾಕ್ಷಾಯಣಿಯು ದೇಹವನ್ನು ತ್ಯಜಿಸಿದಳು. ಅವಳ ಪರವಾಗಿ ರುದ್ರನ ಕೋಪದಿಂದ ವೀರಭದ್ರನು ಹುಟ್ಟಿ ಬಂದನು. ಡಯಾನಾಳ ಮನೆಯಲ್ಲಿ ದೇಹ ತ್ಯಜಿಸಿದವಳು ತಾಯಿ. ಅವಳ ಪರವಾಗಿ ಹುಟ್ಟಿ ಬರತಕ್ಕ ವೀರಭದ್ರನು ಯಾರೂ ಇಲ್ಲ. ಆ ಕಾರ್ಯವು ಮಗಳ ಕೈಗೆ ಬೀಳುತ್ತದೆ. ತಂದೆಯೊಡನೆ ಕಲಹವು ಮುಟ್ಟಿದಾಗ ಅವಳು ಅವನನ್ನು ನೆಲಕ್ಕೆ ಕೆಡವಿ, ತಾಯಿಯ ಸಾವಿನ ಲೆಕ್ಕವನ್ನು ಕೇಳುತ್ತಾಳೆ. ಆಮೇಲೆ ಬಿಟ್ಟುಬಿಡುತ್ತಾಳೆ. ಕೊಲ್ಲಬಲ್ಲ ಕೈಯು ಹಿಂದಕ್ಕೆ ಸರಿದ ಆ ಕ್ಷಣದಲ್ಲಿ ಗರಡಿಯ ಪಾಠವು ಸಾರ್ಥಕವಾಯಿತೆಂದು ತಿಳಿಯಬೇಕು. ವಿದ್ಯೆಯಿಲ್ಲದ ಬಲವಾಗಿದ್ದರೆ ಆ ಕೈ ಎಲ್ಲಿ ನಿಲ್ಲುತ್ತಿತ್ತೆಂದು ಹೇಳಲಾಗದು.

ಅಂತಿಮ ಕಾಳಗದ ವಿಷಯದಲ್ಲಿ ಆಕ್ಷೇಪಣೆಗೆ ಅವಕಾಶವುಂಟು. ಅಮೆರಿಕದ ಹವ್ಯಾಸಿ ಮುಷ್ಟಿಯುದ್ಧದಲ್ಲಿ ಸ್ತ್ರೀಯರಿಗೆ ಪ್ರವೇಶವು ದೊರೆತುದೇ 1993ರಲ್ಲಿ, ಅದೂ ತರುಣಿಯೊಬ್ಬಳು ನ್ಯಾಯಾಲಯದ ಮೆಟ್ಟಿಲನ್ನು ಹತ್ತಿದ ಮೇಲೆ. ಆ ಸ್ಪರ್ಧೆಗಳಲ್ಲಿ ಸ್ತ್ರೀಯರು ಸ್ತ್ರೀಯರೊಡನೆಯೇ ಕಾದುವರು. ಚಿತ್ರದಲ್ಲಿಯಾದರೋ ಸ್ತ್ರೀಪುರುಷರೆಂಬ ಭೇದವಿಲ್ಲದ ಸ್ಪರ್ಧೆಯೊಂದನ್ನು ಕಲ್ಪಿಸಲಾಗಿದೆ. ಪ್ರಿಯತಮನೇ ಅದೇ ತೂಕದಲ್ಲಿ ಅಂತಿಮ ಎದುರಾಳಿಯಾಗುವುದು ಕಾಕತಾಳೀಯವೆಂದು ಯಾರಾದರೂ ನಕ್ಕರೆ ತಪ್ಪೆನ್ನಲಾಗದು.

ಹಾಗಿದ್ದರೂ ಕಾವ್ಯದಲ್ಲಿ ಸಂಭವಕ್ಕಿಂತ ಔಚಿತ್ಯವು ಮುಖ್ಯವಾದುದು. ಏಡ್ರಿಯನ್ನನು ಮೊದಲು ಅವಳೊಡನೆ ಕಾದಲು ಒಪ್ಪುವುದಿಲ್ಲ. ಹೆಣ್ಣನ್ನು ಗೆದ್ದರೆ ಕೀರ್ತಿಯಿಲ್ಲ, ಸೋತರೆ ಮುಖವಿಲ್ಲವೆಂಬುದು ಅವನ ಸಂಕಟ. ಪ್ರೀತಿಯಿಂದ ಕೈ ತಡೆದು ಹೊಡೆದರೆ ಅದು ದಯೆಯೆನಿಸುವುದೇ ಹೊರತು ಗೌರವವೆನಿಸದು. ಈ ತತ್ತ್ವವು ಕಲ್ಯಾಣದ ನೆಲಕ್ಕೆ ಹೊಸದಲ್ಲ. ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭುವು ಅವಳನ್ನು ಪ್ರಶ್ನಿಸಿದ ಪ್ರಸಂಗವನ್ನು ‘ಶೂನ್ಯಸಂಪಾದನೆ’ಯು ವರ್ಣಿಸಿರುವುದು ಸರ್ವವಿದಿತವಾಗಿದೆ. ಸ್ತ್ರೀಯೆಂದು ಪ್ರಭುವು ಒಂದು ಪ್ರಶ್ನೆಯ ಮೊನೆಯನ್ನೂ ಮೊಂಡು ಮಾಡಲಿಲ್ಲ. ಆ ನಿಷ್ಠುರತೆಯೇ ಅವಳಿಗೆ ಸಂದ ಮನ್ನಣೆ. ವಾಗ್ವಾದಕ್ಕೂ ಮುಷ್ಟಿಯುದ್ಧಕ್ಕೂ ಅಜಗಜಾಂತರವಿದ್ದರೂ ನ್ಯಾಯವು ಒಂದೇ. ಏಡ್ರಿಯನ್ನನು ಕೊನೆಗೆ ಕಣಕ್ಕಿಳಿದು ಕಾದುವಾಗ ಅವಳನ್ನು ಸಮಾನಳೆಂದು ಒಪ್ಪುತ್ತಾನೆ. ಡಯಾನಾ ಗೆಲ್ಲುತ್ತಾಳೆ. ಸೋತವನನ್ನು ಅವಳು ಕೀಳಾಗಿ ಕಾಣುವುದಿಲ್ಲ. ತನ್ನೊಡನೆ ಕಾದಿದನೆಂಬುದಕ್ಕಾಗಿಯೇ ಅವನ ವಿಷಯದಲ್ಲಿ ಅವಳ ಗೌರವವು ಹೆಚ್ಚುತ್ತದೆ. ಶೃಂಗಾರವೂ ವೀರವೂ ಒಂದನ್ನೊಂದು ಕೆಡಿಸದೆ ಕೂಡಿಕೊಂಡಿರುವ ಈ ಭಾಗವು ವಿರಳವಾದುದು.

ಚಿತ್ರದಲ್ಲಿ ದೋಷಗಳಿಲ್ಲದೆ ಇಲ್ಲ. ತಂದೆಯ ಪಾತ್ರವು ಬಹುಮಟ್ಟಿಗೆ ಒಂದೇ ಬಣ್ಣದ್ದು. ಅವನ ಮನಸ್ಸಿನೊಳಗೆ ಇಣುಕಿ ನೋಡುವ ಕಿಟಕಿಯನ್ನು ನಿರ್ದೇಶಕಿಯು ಸಾಕಷ್ಟು ತೆರೆಯಲಿಲ್ಲ. ಅಷ್ಟು ಕೋಮಲವಾಗಿ ಮೂಡಿದ ತಮ್ಮನ ಪಾತ್ರವು ನಡುವೆ ಮರೆಗೆ ಸರಿಯುತ್ತದೆ. ಅಲ್ಲಲ್ಲಿ ಮಾತು ಒರಟಾಗಿದೆ; ಮಕ್ಕಳೊಡನೆ ಕುಳಿತು ನೋಡುವವರು ಇದನ್ನು ತಿಳಿದಿರುವುದು ಮೇಲು. ಆದರೆ ಹಣದ ಕೊರತೆಯು ಇಲ್ಲಿ ಗುಣವಾಗಿಯೇ ಪರಿಣಮಿಸಿದೆ. ಇಕ್ಕಟ್ಟಾದ ಗರಡಿ, ಮಾಸಿದ ಗೋಡೆ, ಬಡಮನೆಯ ಊಟದ ಮೇಜು, ಇವು ಕೃತಕವಾಗಿ ತೋರದೆ ಬದುಕಿನ ತುಣುಕುಗಳಾಗಿಯೇ ಕಾಣುವುವು.

ಭಾರತದಲ್ಲಿಯೂ ಅನಂತರ ಈ ವಸ್ತುವನ್ನು ಚಿತ್ರಗಳು ಎತ್ತಿಕೊಂಡವು. ಮಣಿಪುರದ ಮೇರಿ ಕೋಮ್ ಅವರು 2001ರ ವಿಶ್ವಸ್ಪರ್ಧೆಯಲ್ಲಿ ಬೆಳ್ಳಿಯ ಪದಕವನ್ನೂ, 2002ರಿಂದ 2018ರೊಳಗೆ ಆರು ಬಾರಿ ಚಿನ್ನವನ್ನೂ ಗಳಿಸಿದರು. ಒಲಿಂಪಿಕ್ ಕ್ರೀಡೆಯಲ್ಲಿ ಸ್ತ್ರೀಯರ ಮುಷ್ಟಿಯುದ್ಧಕ್ಕೆ ಮೊದಲು ಸ್ಥಾನ ದೊರೆತ 2012ರಲ್ಲಿ ಕಂಚಿನ ಪದಕವನ್ನು ತಂದರು. ಅವರ ಚರಿತ್ರೆಯನ್ನು ಆಧರಿಸಿ 2014ರಲ್ಲಿ ಹೊರಬಂದ ಹಿಂದೀ ಚಿತ್ರವು ಸದುದ್ದೇಶದ್ದಾದರೂ, ಅಲ್ಲಿ ವಾದ್ಯದ ಅಬ್ಬರವೂ ದೇಶಾಭಿಮಾನದ ಘೋಷವೂ ಸೇರಿ ಅಭ್ಯಾಸದ ಮೌನವನ್ನು ನುಂಗಿವೆ. ಸುಧಾ ಕೊಂಗರ ಅವರ ತಮಿಳು ಚಿತ್ರ ‘ಇರುದಿ ಸುಟ್ರು’ (2016) ಇದಕ್ಕಿಂತ ಹದವಾದುದು. ಅದರ ನಾಯಿಕೆ ರಿತಿಕಾ ಸಿಂಗ್ ನಿಜವಾಗಿಯೂ ಕಾದಾಟದ ಕ್ರೀಡೆಯಿಂದ ಬಂದವರಾದುದರಿಂದ ಪೆಟ್ಟುಗಳಲ್ಲಿ ಸತ್ಯವಿದೆ. ಆದರೆ ಅಲ್ಲಿ ಕಥೆಯ ಭಾರವು ಶಿಷ್ಯೆಯಿಂದ ಗುರುವಿನ ಹೆಗಲಿಗೆ ಜಾರುತ್ತದೆ. ‘ಗರ್ಲ್‌ಫೈಟ್’ ಚಿತ್ರದ ಹೆಕ್ಟರನು ಕಲಿಸಿ ಪಕ್ಕಕ್ಕೆ ಸರಿದು ನಿಲ್ಲುತ್ತಾನೆ. ಗೆಲುವು ಅವಳದಾಗಿಯೇ ಉಳಿಯುತ್ತದೆ.

ಹೆಣ್ಣುಮಕ್ಕಳೆಲ್ಲರೂ ಮುಷ್ಟಿಯುದ್ಧವನ್ನು ಕಲಿಯಲೆಂಬುದು ಈ ಚಿತ್ರದ ಬೋಧನೆಯಲ್ಲ. ಮಗನ ಪಾಠಕ್ಕೆ ಹಣ ತೆತ್ತು ಮಗಳ ಪಾಠಕ್ಕೆ ಬಾಗಿಲು ಮುಚ್ಚುವ ತಂದೆಯು ಬ್ರೂಕ್ಲಿನ್ನಿನಲ್ಲಿ ಮಾತ್ರ ಇರುವನೆಂದು ಯಾರೂ ಹೇಳಲಾರರು. ಸಂಗೀತವಾಗಲಿ, ಗಣಿತವಾಗಲಿ, ಓಟವಾಗಲಿ, ಮಗಳ ಅಂತರಂಗದಲ್ಲಿ ಎದ್ದ ಉತ್ಸಾಹಕ್ಕೆ ದಾರಿಯನ್ನು ಮುಚ್ಚಿದರೆ ಅದು ಆರಿಹೋಗುವುದಿಲ್ಲ. ಕ್ರೋಧವಾಗಿ ಕುಳಿತು, ಕಾಲಬಂದಾಗ ಮನೆಯವರ ಮೇಲೆಯೇ ತಿರುಗುತ್ತದೆ. ದಾರಿಯನ್ನೂ ಗುರುವನ್ನೂ ಒದಗಿಸಿದರೆ ಆ ಬೆಂಕಿಯೇ ದೀಪವಾಗುತ್ತದೆ. ಈ ಮಾತನ್ನು ಉಪನ್ಯಾಸ ಮಾಡದೆ, ಒಬ್ಬಳು ಹುಡುಗಿಯ ಹೆಜ್ಜೆ, ಉಸಿರು, ನೋಟಗಳಿಂದಲೇ ಮನದಟ್ಟು ಮಾಡಿಕೊಟ್ಟುದರಿಂದ ಈ ಅಲ್ಪವೆಚ್ಚದ ಚಿತ್ರವು ಸಹೃದಯರು ನೋಡತಕ್ಕದ್ದಾಗಿದೆ. ಹೆಣ್ಣುಮಕ್ಕಳುಳ್ಳ ತಂದೆಗಳು ಅವಶ್ಯವಾಗಿ ನೋಡತಕ್ಕದ್ದಾಗಿದೆ.