ಸಿಂಹಾಸನದ ಕಥೆಯೂ ಶಾಪದ ಕಥೆಯೂ

ಮೈಸೂರು ಸೀಮೆಯ ಮನೆಗಳಲ್ಲಿ ಅಲಮೇಲಮ್ಮನ ಶಾಪವನ್ನು ಕೇಳದವರು ವಿರಳ. ತಲಕಾಡಿನ ಮರಳು, ಮಾಲಂಗಿಯ ಮಡು, ಅರಮನೆಯ ಬರಿದಾದ ತೊಟ್ಟಿಲು, ಈ ಮೂರನ್ನೂ ಒಂದೇ ಉಸಿರಿನಲ್ಲಿ ಕಟ್ಟಿದ ಆ ಮಾತು ಮಕ್ಕಳ ಬಾಯಲ್ಲಿಯೂ ಉಂಟು. ಅಳಿದುಹೋದ ವಿಜಯನಗರದ ಸಿಂಹಾಸನಕ್ಕೆ ಹಕ್ಕುದಾರರು ಯಾರೆಂಬ ಹಳೆಯ ವ್ಯಾಜ್ಯವು ಆ ಕಥೆಯೊಳಗೆ ಅಡಗಿರುವುದರಿಂದ, ಅದರ ಗುಣದೋಷಗಳ ವಿಚಾರವು ವಾಚಕರಿಗೆ ಅನವಶ್ಯಕವೆಂದು ತೋರಲಾರದು.

ರಕ್ಕಸತಂಗಡಿಯ ಯುದ್ಧವು ನಡೆದದ್ದು ೧೫೬೫ರಲ್ಲಿ. ಅಳಿಯ ರಾಮರಾಯನು ಹತನಾದ ಮೇಲೆ ಅವನ ತಮ್ಮನಾದ ತಿರುಮಲನು ಪೆನುಗೊಂಡೆಗೆ ಸರಿದು, ಅರವೀಡು ವಂಶದ ಆಳಿಕೆಯನ್ನು ಅಲ್ಲಿ ನೆಲೆಗೊಳಿಸಿದನು. ಮುಂದೆ ಅದೇ ವಂಶದ ಇನ್ನೊಬ್ಬ ತಿರುಮಲರಾಜನು, ಚಕ್ರವರ್ತಿ ವೆಂಕಟಪತಿರಾಯನ ಅಣ್ಣನ ಮಗನು, ಶ್ರೀರಂಗಪಟ್ಟಣದಲ್ಲಿ ಪ್ರತಿನಿಧಿಯಾಗಿದ್ದನು. ೧೬೧೦ರಲ್ಲಿ ಮೈಸೂರಿನ ರಾಜ ಒಡೆಯರು ಆ ಪಟ್ಟಣವನ್ನು ಕೈವಶಮಾಡಿಕೊಂಡರು. ೧೬೧೪ರಲ್ಲಿ ವೆಂಕಟಪತಿಯು ಗತಿಸಿದೊಡನೆ ಜಗ್ಗರಾಯನೂ ಯಾಚಮನಾಯಕನೂ ಪಕ್ಷಗಳನ್ನು ಕಟ್ಟಿ ಪಟ್ಟಕ್ಕಾಗಿ ಹೊಡೆದಾಡಿದರು. ಕಡೆಯವನಾದ ಮೂರನೆಯ ಶ್ರೀರಂಗರಾಯನಿಗೆ ಕೆಳದಿಯ ಶಿವಪ್ಪನಾಯಕನು ಆಶ್ರಯವಿತ್ತು, ಅವನ ಪಕ್ಷ ವಹಿಸಿ ಶ್ರೀರಂಗಪಟ್ಟಣಕ್ಕೂ ಮುತ್ತಿಗೆ ಹಾಕಿದನು. ಆನೆಗೊಂದಿಯ ಮನೆತನವು ರಕ್ತಸಂಬಂಧವನ್ನು ಹೇಳಿಕೊಂಡಿತು. ಹೀಗೆ ಒಬ್ಬರಿಗೆ ರಕ್ತವು ಆಧಾರ, ಇನ್ನೊಬ್ಬರಿಗೆ ಸೇವೆ, ಮತ್ತೊಬ್ಬರಿಗೆ ಪೀಠದ ಭೋಗ. ಮೈಸೂರಿನವರ ವಾದವು ಮೂರನೆಯದು.

ಈ ವಾದವನ್ನು ಎತ್ತಿಹಿಡಿಯುವುದಕ್ಕಾಗಿಯೇ ಅರಮನೆಯ ಸಂಪ್ರದಾಯದಲ್ಲಿ ರತ್ನಸಿಂಹಾಸನದ ಕಥೆಯು ಬೆಳೆದಂತಿದೆ. ಆ ಪೀಠವು ಪಾಂಡವರದಂತೆ. ಪೆನುಗೊಂಡೆಯಲ್ಲಿ ಹೂತಿದ್ದುದನ್ನು ವಿದ್ಯಾರಣ್ಯರು ಹರಿಹರನಿಗೆ ತೋರಿಸಿಕೊಟ್ಟರಂತೆ. ಕಡೆಗೆ ಶ್ರೀರಂಗಪಟ್ಟಣದಲ್ಲಿ ರಾಜ ಒಡೆಯರಿಗೆ ದೊರೆಯಿತಂತೆ. ಕಥೆಯೇನೋ ಗಂಭೀರವಾಗಿದೆ. ಆದರೆ ಇದರಲ್ಲಿ ಪಡೆದವರುಂಟು, ಕಳೆದುಕೊಂಡವರು ಕಾಣಬರುವುದಿಲ್ಲ. ಪೀಠವು ತನಗೆ ತಾನೇ ಕಾಲುಬಂದಂತೆ ನಡೆದು ಯೋಗ್ಯರ ಮನೆಯನ್ನು ಸೇರಿಬಿಡುತ್ತದೆ.

ಶಾಪದ ಕಥೆಯು ಹೊರಡುವುದು ಕಳೆದುಕೊಂಡವರ ಕಡೆಯಿಂದ. ತಿರುಮಲರಾಜನು ತಲಕಾಡಿಗೆ ಹೋಗಿ ಮಡಿದನು. ಅವನ ಪತ್ನಿ ಅಲಮೇಲಮ್ಮನ ಬಳಿಯಲ್ಲಿ ಬೆಲೆಯುಳ್ಳ ಒಡವೆಗಳಿದ್ದವು. ಮಂಗಳವಾರ ಶುಕ್ರವಾರಗಳಲ್ಲಿ ಅವನ್ನು ಶ್ರೀರಂಗನಾಯಕಿ ಅಮ್ಮನವರಿಗೆ ತೊಡಿಸುವ ವಾಡಿಕೆಯಿತ್ತು. ಒಡೆಯರ ಕಡೆಯವರು ದೇವಿಯ ಹೆಸರಿನಲ್ಲಿ ಒಡವೆಗಳನ್ನು ಕೇಳಿದರು. ಆಕೆಯು ಮುತ್ತಿನ ಮೂಗುತಿಯೊಂದನ್ನು ಕಳುಹಿಸಿ, ಉಳಿದವನ್ನು ಕೊಡಲೊಲ್ಲದೆ, ಬೆನ್ನಟ್ಟಿ ಬಂದವರ ಕೈಗೆ ಸಿಕ್ಕದೆ ಕಾವೇರಿಗೆ ಧುಮುಕಿದಳು. ಇಲ್ಲಿ ಕಥೆಗಾರನ ವಿವೇಕವನ್ನು ಮೆಚ್ಚಬೇಕು. ರಾಜ್ಯವೇ ಕೈಬಿಟ್ಟುಹೋದಾಗ ಆ ಹೆಂಗಸು ವಾದಿಸಲಿಲ್ಲ. ಒಡವೆಯ ಪೆಟ್ಟಿಗೆಯ ಬಳಿ ನಿಂತು ವಾದಿಸಿದಳು. ಕೋಟೆಯ ವಿಷಯದಲ್ಲಿ ಗೆದ್ದವನೇ ಧರ್ಮವನ್ನು ಹೇಳಬಹುದು. ಪೆಟ್ಟಿಗೆಯ ವಿಷಯದಲ್ಲಿ ಹಾಗಲ್ಲ. ಅದು ಸ್ತ್ರೀಧನವೋ ದೇವಸ್ವವೋ ಎಂದು ಕೇಳಲು ಶಾಸ್ತ್ರವಿದೆ. ವಾರಕ್ಕೆರಡು ದಿನ ಎರವಾಗಿ ತೊಡಿಸಿದ ಮಾತ್ರಕ್ಕೆ ಒಡವೆಯು ದೇವಿಯ ಸ್ವತ್ತಾಗಲಾರದು. ಮಿತಾಕ್ಷರೆಯನ್ನು ಓದಿದ ಪಂಡಿತನು ವಿಧವೆಯ ಪಕ್ಷವನ್ನೇ ಹಿಡಿದಾನು. ಹಾಗೆಂದು ಕಥೆಯು ರಾಜ ಒಡೆಯರನ್ನು ರಾಕ್ಷಸರನ್ನಾಗಿ ಮಾಡಿಲ್ಲ. ಅವರು ಮರುಗಿ ಆಕೆಯ ಪ್ರತಿಮೆಯನ್ನು ಮಾಡಿಸಿ ಪೂಜೆಗಿಟ್ಟರೆನ್ನುತ್ತದೆ. ಆ ಪೂಜೆಯು ಅರಮನೆಯಲ್ಲಿ ನಡೆದುಬಂದಿರುವುದೂ ನಿಜ. ಸಿಂಹಾಸನದ ಕಥೆಯು ಮುಚ್ಚಿಟ್ಟುದನ್ನು ಅದೇ ಮನೆಯ ಪೂಜಾಗೃಹವು ಒಪ್ಪಿಕೊಂಡಿತು.

ದೋಷವಿರುವುದು ಶಾಪದ ಕಡೆಯ ಪಾದದಲ್ಲಿ. ಒಂದು ತಲೆಬಿಟ್ಟು ಒಂದು ತಲೆಗೆ ಸಂತಾನವಿಲ್ಲವೆಂದು ಜನರು ಲೆಕ್ಕ ಹೇಳುವುದುಂಟು. ಚರಿತ್ರೆಯು ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ೧೬೭೩ರಲ್ಲಿ ಪಟ್ಟವೇರಿದ ಚಿಕ್ಕದೇವರಾಜರ ತರುವಾಯ ಮಗ ಕಂಠೀರವ ನರಸರಾಜರು, ಅವರ ತರುವಾಯ ಮಗ ಕೃಷ್ಣರಾಜರು, ಹೀಗೆ ೧೭೩೨ರವರೆಗೆ ಔರಸರೇ ಆಳಿದರು. ಶಾಪವು ಅಷ್ಟು ಕಾಲ ನಿದ್ರಿಸಿತೆನ್ನಬೇಕಾಗುತ್ತದೆ.

ಇದಕ್ಕಿಂತ ದೊಡ್ಡ ಅನ್ಯಾಯವೊಂದಿದೆ. ದತ್ತಸ್ವೀಕಾರವೆಂದರೆ ಶಾಪದ ಫಲ, ದತ್ತುಮಗನೆಂದರೆ ಬರಿದಾದ ಸ್ಥಳಕ್ಕೆ ತಂದಿಟ್ಟ ಗೊಂಬೆ, ಎಂಬ ಭಾವವನ್ನು ಈ ಕಥೆಯು ಮನೆಮನೆಗೂ ಹಂಚಿತು. ಮನುವು ದತ್ತನನ್ನು ದಾಯಾದರಾದ ಮೊದಲ ಆರು ಬಗೆಯ ಪುತ್ರರಲ್ಲಿ ಎಣಿಸಿರುವನು. ಮುಮ್ಮಡಿ ಕೃಷ್ಣರಾಜ ಒಡೆಯರು ೧೮೬೫ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡಾಗ ಅದನ್ನು ಸಂಶಯಿಸಿದವರು ಆಂಗ್ಲ ಸರಕಾರದವರೇ ಹೊರತು ಧರ್ಮಶಾಸ್ತ್ರವಲ್ಲ. ೧೮೬೭ರಲ್ಲಿ ಅವರೂ ಒಪ್ಪಿದರು. ೧೮೮೧ರಲ್ಲಿ ರಾಜ್ಯವು ಮರಳಿ ಬಂದಿತು. ಮರುವರ್ಷವೇ ಆ ದತ್ತುಮಗನು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ಬೆಂಗಳೂರಿನ ಪೂರ್ವದಲ್ಲಿ ಸುಮಾರು ೩,೯೦೦ ಎಕರೆ ನೆಲವನ್ನು ಕೊಟ್ಟನು. ಅದೇ ವೈಟ್‌ಫೀಲ್ಡ್. ಗಣಕಯಂತ್ರದ ಕಚೇರಿಗಳಿಂದ ಇಂದು ಕಿಕ್ಕಿರಿದ ಆ ಊರಿನಲ್ಲಿ, ಊರು ಹುಟ್ಟಿದ್ದು ದತ್ತಕನೊಬ್ಬನ ಕೊಡುಗೆಯಿಂದ ಎಂದು ನೆನೆಯುವವರು ಬಹಳ ಮಂದಿ ಇರಲಾರರು.

೧೯೭೧ರ ಸಂವಿಧಾನ ತಿದ್ದುಪಡಿಯು ಅರಸರ ಮಾನ್ಯತೆಯನ್ನೂ ರಾಜಧನವನ್ನೂ ತೆಗೆದುಹಾಕಿತು. ಆದರೂ ಕಥೆಯು ನಿಲ್ಲಲಿಲ್ಲ. ಶ್ರೀಕಂಠದತ್ತ ನರಸಿಂಹರಾಜ ಒಡೆಯರು ೨೦೧೩ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡರು. ೨೦೧೫ರಲ್ಲಿ ಪ್ರಮೋದಾದೇವಿಯವರು ಪತಿಯ ಅಕ್ಕನ ಮೊಮ್ಮಗನಾದ ಯದುವೀರರನ್ನು ದತ್ತು ಪಡೆದರು. ಆಗ ಅವರಿಗೆ ೨೨ ವಯಸ್ಸು. ೧೯೫೬ರ ಶಾಸನದಂತೆ ೧೫ ತುಂಬಿದವರನ್ನು ದತ್ತು ಕೊಡುವಂತಿಲ್ಲ. ಕುಲಾಚಾರವಿದ್ದರೆ ಮಾತ್ರ ವಿನಾಯಿತಿ. ರಾಜ್ಯವಿಲ್ಲದ ಪಟ್ಟಕ್ಕೂ ಕುಲಾಚಾರವು ಹೀಗೆ ಒದಗಿಬಂದಿತು; ಪ್ರಜೆಗಳಾದರೋ ೨೦೨೪ರಲ್ಲಿ ಅವರನ್ನು ಬೇರೊಂದು ವಿಧದಿಂದ, ಮತಪೆಟ್ಟಿಗೆಯ ಮೂಲಕ, ಲೋಕಸಭೆಗೆ ಆರಿಸಿದರು. ೨೦೧೭ರ ಡಿಸೆಂಬರಿನಲ್ಲಿ ಅವರಿಗೆ ಮಗನು ಹುಟ್ಟಿದಾಗ ನಾನ್ನೂರು ವರ್ಷಗಳ ಶಾಪವು ಕಳೆಯಿತೆಂದು ಪತ್ರಿಕೆಗಳು ಬರೆದವು. ೧೯೫೩ರಲ್ಲಿ ಜಯಚಾಮರಾಜ ಒಡೆಯರಿಗೆ ಶ್ರೀಕಂಠದತ್ತರು ಹುಟ್ಟಿದ್ದುದನ್ನು ಆ ಸಂಭ್ರಮದಲ್ಲಿ ಎಣಿಸಿದಂತೆ ತೋರಲಿಲ್ಲ.