ಎದುರಾಳಿಯಿಲ್ಲದ ಅಲಗು

ಕೋಲಾರ, ಮಾಲೂರು, ಮುಳಬಾಗಿಲಿನ ಕಡೆ ಕರಗವೆಂದರೆ ದ್ರೌಪದಿಯ ಹೆಸರಿನಲ್ಲಿ ರಾತ್ರಿಯಿಡೀ ನಿದ್ದೆಗೆಡುವ ಹಬ್ಬ. ಅಲ್ಲಿನವರಿಗೆ ಅದನ್ನು ಯಾರೂ ವಿವರಿಸಿ ಹೇಳಬೇಕಿಲ್ಲ. ನೆರೆದವರ ಕಣ್ಣೆಲ್ಲ ಮಲ್ಲಿಗೆ ಹೊದ್ದ ಕರಗದ ಮೇಲೆಯೇ. ಅದರ ಸುತ್ತ ಬಿಚ್ಚುಗತ್ತಿ ಹಿಡಿದು ಓಡುವ ವೀರಕುಮಾರರು ಬರೀ ಕಾವಲಿನವರು ಎಂದೇ ಹಲವರ ಎಣಿಕೆ. ಆದರೆ ಅವರದೇ ಒಂದು ಪರಂಪರೆ, ಅದಕ್ಕೊಂದು ಗರಡಿ.

ಪಾಂಡವರು ಸ್ವರ್ಗದ ದಾರಿ ಹಿಡಿದಾಗ ಹಿಂದೆ ಉಳಿದ ದ್ರೌಪದಿಯ ಮೇಲೆ ತಿಮಿರಾಸುರ ಎರಗಿದ. ಅವಳು ಆದಿಶಕ್ತಿಯಾಗಿ ತನ್ನ ಮೈಯಿಂದಲೇ ವೀರಕುಮಾರರನ್ನು ಹುಟ್ಟಿಸಿದಳು. ಅಸುರ ಸತ್ತ ಮೇಲೆ ಮಕ್ಕಳು ಅವಳನ್ನು ಬಿಡಲೊಲ್ಲದೆ ಹಟ ಹಿಡಿದರು, ವರ್ಷಕ್ಕೊಮ್ಮೆ ಬರುತ್ತೇನೆಂದು ಅವಳು ಮಾತು ಕೊಟ್ಟಳು. ಇದು ಕರಗ ನಡೆಸುವ ತಿಗಳ ಸಮುದಾಯದ ನಂಬಿಕೆ. ಅಲಗು ಸೇವೆಯಲ್ಲಿ ‘ಗೋವಿಂದ, ಗೋವಿಂದ’ ಎನ್ನುತ್ತ ಬರಿಯ ಎದೆಗೆ ಕತ್ತಿ ಬಡಿದುಕೊಳ್ಳುವುದು ಆ ಹಟದ್ದೇ ಮುಂದುವರಿಕೆ. ಯುದ್ಧ ಮುಗಿದಿದೆ, ಎದುರಾಳಿ ಇಲ್ಲ. ಅಲಗು ಹಿಡಿದವನ ಕಡೆಗೇ ತಿರುಗಿದೆ.

ಕಾದಾಟ ಕುಣಿತವಾಗಿ ಉಳಿದುಕೊಂಡ ಇನ್ನೊಂದು ಉದಾಹರಣೆ ಬ್ರೆಜಿಲ್‌ನ ಕಪೊಯೇರ. ಬೆರಿಂಬೌ ಎಂಬ ಒಂಟಿ ತಂತಿಯ ವಾದ್ಯದ ತಾಳಕ್ಕೆ ಇಬ್ಬರು ತೂಗಾಡುತ್ತ, ಕಾಲು ಬೀಸುತ್ತ, ತಪ್ಪಿಸಿಕೊಳ್ಳುತ್ತ ಆಡುವ ವಿದ್ಯೆ ಅದು. ಆಫ್ರಿಕಾದಿಂದ ತಂದ ಗುಲಾಮರು ಒಡೆಯರ ಕಣ್ಣು ತಪ್ಪಿಸಲು ಯುದ್ಧಕಲೆಗೆ ನೃತ್ಯದ ವೇಷ ತೊಡಿಸಿದರು ಎಂಬ ಕಥೆ ಜಗತ್ತಿಗೆಲ್ಲ ಗೊತ್ತು. ಕೇಳಲು ಚೆಂದ. ಆದರೆ ಹತ್ತೊಂಬತ್ತನೇ ಶತಮಾನದ ರಿಯೊ ಪೊಲೀಸರ ದಾಖಲೆಗಳಲ್ಲಿ ಕಾಣುವ ಕಪೊಯೇರ ಪೇಟೆಬೀದಿಯ ಗುಂಪುಗಳದ್ದು, ಬಹಿರಂಗವಾದದ್ದು. 1888ರಲ್ಲಿ ಗುಲಾಮಗಿರಿ ರದ್ದಾಯಿತು. ಎರಡೇ ವರ್ಷಕ್ಕೆ, 1890ರ ದಂಡಸಂಹಿತೆ ಕಪೊಯೇರ ಆಡುವುದನ್ನೇ ಅಪರಾಧವೆಂದಿತು. ಮುಚ್ಚಿಟ್ಟ ವಿದ್ಯೆಯ ಮೇಲೆ ಹೀಗೆ ಕಾನೂನು ಮಾಡುವವರಿಲ್ಲ.

ಕರಗದ ಹುಟ್ಟಿನ ಕಥೆಯನ್ನೂ ಇಷ್ಟೇ ಬಿಗಿಯಾಗಿ ಪರೀಕ್ಷಿಸಬೇಕು. ವಿದ್ವಾಂಸ ಆಲ್ಫ್ ಹಿಲ್ಟೆಬೈಟೆಲ್ 1988ರಲ್ಲಿ ಪ್ರಕಟಿಸಿದ ಅಧ್ಯಯನ ದ್ರೌಪದಿ ಆರಾಧನೆಯ ಮೂಲ ನೆಲೆಯನ್ನು ತಮಿಳುನಾಡಿನ ಜಿಂಜಿ ಸೀಮೆಯಲ್ಲಿ ಗುರುತಿಸುತ್ತದೆ. ಹೂವು, ತರಕಾರಿ ಬೆಳೆಯುವ ತಿಗಳರು ತಮ್ಮನ್ನು ವಹ್ನಿಕುಲ ಕ್ಷತ್ರಿಯರೆಂದು ಕರೆದುಕೊಳ್ಳುತ್ತಾರೆ. ವಹ್ನಿಯೆಂದರೆ ಬೆಂಕಿ; ದ್ರೌಪದಿಯೂ ಬೆಂಕಿಯಲ್ಲಿ ಹುಟ್ಟಿದವಳಲ್ಲವೆ? ವರ್ಷವಿಡೀ ಗುದ್ದಲಿ ಹಿಡಿಯುವ ಕೈಗೆ ಕತ್ತಿ ಬಂದಾಗ ಅದು ಭಕ್ತಿಯ ಜೊತೆಗೆ ಮಾನದ ಮಾತೂ ಹೌದು. ಇದನ್ನು ಹೇಳಿದರೆ ಹಬ್ಬದ ತೂಕ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ.

ಎರಡೂ ಪರಂಪರೆಗಳು ಬಾಳಿದ ಬಗೆ ಮಾತ್ರ ಬೇರೆ. ಕಪೊಯೇರದ ಗುರು ಮೆಸ್ತ್ರೆ ಬಿಂಬ 1932ರಲ್ಲಿ ಬ್ರೆಜಿಲ್‌ನ ಸಾಲ್ವಡೋರ್‌ನಲ್ಲಿ ಶಾಲೆ ತೆರೆದು, ಪಾಠಗಳನ್ನು ಕ್ರಮಗೊಳಿಸಿ, ಬೀದಿಯ ಆಟಕ್ಕೆ ಮರ್ಯಾದೆ ತಂದರು. 2014ರಲ್ಲಿ ಯುನೆಸ್ಕೊ ಪಟ್ಟಿಗೂ ಅದು ಸೇರಿತು. ಹಾಗೆಂದು ಕಲಿಸಿದವರೆಲ್ಲ ಸುಖಪಟ್ಟರೆಂದಲ್ಲ: ಹಳೆಯ ಶೈಲಿಯನ್ನು ಕಾಪಾಡಿದ ಮೆಸ್ತ್ರೆ ಪಾಸ್ತಿನ್ಯರನ್ನು ದುರಸ್ತಿಯ ನೆಪದಲ್ಲಿ ಶಾಲೆಯ ಕಟ್ಟಡದಿಂದ ಹೊರಡಿಸಿದರು, 1981ರಲ್ಲಿ ಅವರು ಕುರುಡರಾಗಿ, ಬಡತನದಲ್ಲೇ ತೀರಿಕೊಂಡರು. ವೀರಕುಮಾರರ ವಿದ್ಯೆಗೆ ಇಂಥ ಕಾಟವಿಲ್ಲ. ದೀಕ್ಷೆ, ವ್ರತ, ಕುಲ ಅದನ್ನು ಕಾದಿವೆ. ಆದರೆ ಆ ಬೇಲಿಯೊಳಗೆ ಸೇವೆ ಉಳಿದಷ್ಟು ಗಟ್ಟಿಯಾಗಿ ಸಾಮು ಉಳಿದಿಲ್ಲ. ದಂಡ, ಬಸ್ಕಿ ಹೊಡೆಸುತ್ತಿದ್ದ ವಸ್ತಾದರ ಜಾಗಕ್ಕೆ ಊರೂರಲ್ಲಿ ಜಿಮ್ ಬಂದಿದೆ.

ಇನ್ನೂ ದೊಡ್ಡ ತೊಡಕು ಬೇರೆಯದು. ಕರಗ ಹೊರುವವನು ಗಂಡಸೇ, ಸೀರೆ, ಬಳೆ, ತಾಳಿ ತೊಟ್ಟು ದೇವಿಯಾಗುತ್ತಾನೆ. ಕತ್ತಿ ಹಿಡಿಯುವವರೂ ಗಂಡಸರೇ. ಕಪೊಯೇರದ ವೃತ್ತದಲ್ಲಿ ಇವತ್ತು ಹೆಂಗಸರು ಆಡುತ್ತಾರೆ, ಕಲಿಸುತ್ತಾರೆ. ತಾಯಿಯ ಮೈಯಿಂದ ಪಡೆ ಹುಟ್ಟಿತೆಂದು ನಂಬುವವರು ಹೆಣ್ಣುಮಕ್ಕಳನ್ನು ಗರಡಿಯ ಬಾಗಿಲಲ್ಲೇ ನಿಲ್ಲಿಸುವುದಕ್ಕೆ ವ್ರತವೆಂಬ ಉತ್ತರ ಸಾಲದು. ವ್ರತದ ಕಟ್ಟಳೆ ಇರುವುದು ಕರಗದ ದಿನಗಳಿಗೆ. ಉಳಿದ ದಿನಗಳಲ್ಲಿ ಸಾಮು ಕಲಿಸಲು ಬೇಕಾದದ್ದು ಊರ ಯಜಮಾನರ ಮನಸ್ಸೊಂದೇ.