ನಿರೂಪಕನಿಲ್ಲದ ಸಾಕ್ಷ್ಯಚಿತ್ರ: ಫ್ರೆಡರಿಕ್ ವೈಸ್‌ಮನ್‌ರ ಸಂಕಲನ ಕಲೆ

ಸಾಕ್ಷ್ಯಚಿತ್ರವೆಂದರೆ ಗಂಭೀರ ಕಂಠವೊಂದು ಪರದೆಯ ಹಿಂದಿನಿಂದ ಎಲ್ಲವನ್ನೂ ವಿವರಿಸುತ್ತ ಹೋಗುವ ಚಿತ್ರ ಎಂಬ ತಿಳಿವಳಿಕೆ, ಚಿತ್ರಮಂದಿರಗಳಲ್ಲಿ ಮುಖ್ಯ ಸಿನಿಮಾಕ್ಕೆ ಮೊದಲು ಫಿಲ್ಮ್ಸ್ ಡಿವಿಷನ್ನಿನ ಕಿರುಚಿತ್ರಗಳನ್ನು ನೋಡಿ ಬೆಳೆದ ಪ್ರೇಕ್ಷಕರಲ್ಲಿ ಬಲವಾಗಿ ಬೇರೂರಿದೆ. ಅಮೆರಿಕದ ನಿರ್ದೇಶಕ ಫ್ರೆಡರಿಕ್ ವೈಸ್‌ಮನ್ 1967ರಿಂದ 2023ರವರೆಗೆ ತಯಾರಿಸಿದ ನಲವತ್ತಕ್ಕೂ ಹೆಚ್ಚು ಸಾಕ್ಷ್ಯಚಿತ್ರಗಳಲ್ಲಿ ಆ ಕಂಠವಿಲ್ಲ. ಸಂದರ್ಶನಗಳಿಲ್ಲ, ಮಾತನಾಡುವವರ ಹೆಸರು, ಹುದ್ದೆಗಳನ್ನು ತಿಳಿಸುವ ಬರಹಗಳಿಲ್ಲ, ಹೊರಗಿನಿಂದ ತಂದು ಸೇರಿಸಿದ ಹಿನ್ನೆಲೆ ಸಂಗೀತವೂ ಇಲ್ಲ. ಹಾಗೆಂದು ಇವು ಅಭಿಪ್ರಾಯವಿಲ್ಲದ ಚಿತ್ರಗಳಲ್ಲ. ಯಾವ ದೃಶ್ಯವನ್ನು ಇಟ್ಟುಕೊಳ್ಳಬೇಕು, ಯಾವುದರ ಪಕ್ಕದಲ್ಲಿ ಇಡಬೇಕು, ಎಷ್ಟು ಹೊತ್ತು ಬಿಡಬೇಕು ಎಂಬ ತೀರ್ಮಾನಗಳಲ್ಲಿ, ಅಂದರೆ ಸಂಕಲನದಲ್ಲಿ, ನಿರ್ದೇಶಕನ ಅಭಿಪ್ರಾಯ ಅಡಗಿದೆ. ಆ ಸಂಕಲನದ ರೀತಿ ಐದು ದಶಕಗಳಲ್ಲಿ ಹೇಗೆ ಬದಲಾಯಿತೆಂಬುದನ್ನು ಗಮನಿಸಿದರೆ ಅವರ ವೃತ್ತಿಜೀವನ ಸಾಗಿದ ದಿಕ್ಕು ಸ್ಪಷ್ಟವಾಗುತ್ತದೆ.

1930ರಲ್ಲಿ ಬಾಸ್ಟನ್ನಿನಲ್ಲಿ ಜನಿಸಿದ ವೈಸ್‌ಮನ್ ಯೇಲ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ, ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಅದನ್ನೇ ಬೋಧಿಸುತ್ತಿದ್ದವರು. ಅವರು ನಿರ್ದೇಶನಕ್ಕೆ ಇಳಿಯುವ ಹೊತ್ತಿಗೆ, ಹೆಗಲ ಮೇಲೆ ಹೊರಬಹುದಾದ 16 ಎಂಎಂ ಕ್ಯಾಮೆರಾ ಮತ್ತು ಚಿತ್ರದೊಂದಿಗೆ ತಾಳೆಯಾಗುವಂತೆ ಮಾತನ್ನು ಸ್ಥಳದಲ್ಲೇ ಮುದ್ರಿಸಿಕೊಳ್ಳುವ ಟೇಪ್ ರೆಕಾರ್ಡರ್ ಬಳಕೆಗೆ ಬಂದಿದ್ದವು. ಇವುಗಳಿಂದಾಗಿ, ಘಟನೆಯಲ್ಲಿ ಕೈಹಾಕದೆ ಅದು ನಡೆದಂತೆಯೇ ಚಿತ್ರೀಕರಿಸುವ ‘ಡೈರೆಕ್ಟ್ ಸಿನಿಮಾ’ ಎಂಬ ಪದ್ಧತಿ ಸಾಧ್ಯವಾಯಿತು. ವೈಸ್‌ಮನ್ ಧ್ವನಿಗ್ರಹಣವನ್ನು ತಾವೇ ವಹಿಸಿಕೊಂಡು, ಮೈಕ್ ಹಿಡಿದು ಸನ್ನೆಯ ಮೂಲಕವೇ ಛಾಯಾಗ್ರಾಹಕನಿಗೆ ದಿಕ್ಕು ತೋರಿಸುತ್ತಿದ್ದರು. ಕೆಲವು ವಾರಗಳ ಚಿತ್ರೀಕರಣದಲ್ಲಿ ನೂರಕ್ಕೂ ಹೆಚ್ಚು ಗಂಟೆಗಳ ಚಿತ್ರಿಕೆ ಕೂಡುತ್ತಿತ್ತು. ಅದನ್ನು ತಿಂಗಳುಗಟ್ಟಲೆ ಕುಳಿತು ಅವರೇ ಸಂಕಲಿಸುತ್ತಿದ್ದರು. ಪೂರ್ವಸಿದ್ಧ ಚಿತ್ರಕಥೆ ಇಲ್ಲದ ಕಾರಣ ಚಿತ್ರದ ರೂಪ ಹುಟ್ಟುತ್ತಿದ್ದುದು ಸಂಕಲನದ ಮೇಜಿನ ಮೇಲೆಯೇ.

ಮೊದಲ ಚಿತ್ರ ‘ಟಿಟಿಕಟ್ ಫಾಲೀಸ್’ (1967) ಮ್ಯಾಸಚೂಸೆಟ್ಸ್ ರಾಜ್ಯದ ಬ್ರಿಡ್ಜ್‌ವಾಟರ್‌ನಲ್ಲಿ ಮಾನಸಿಕ ಅಸ್ವಸ್ಥ ಕೈದಿಗಳನ್ನು ಇರಿಸುತ್ತಿದ್ದ ಸರ್ಕಾರಿ ಆಸ್ಪತ್ರೆಯನ್ನು ಕುರಿತದ್ದು; ಕಾನೂನು ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದ ಕಾಲದಿಂದ ವೈಸ್‌ಮನ್ ಆ ಜಾಗವನ್ನು ಬಲ್ಲವರು. ಅದರ ಪ್ರಸಿದ್ಧ ದೃಶ್ಯವೊಂದರಲ್ಲಿ, ಊಟ ನಿರಾಕರಿಸಿದ ಕೈದಿಯ ಮೂಗಿಗೆ ವೈದ್ಯನೊಬ್ಬ ಸಿಗರೇಟು ಕಚ್ಚಿಕೊಂಡೇ ನಳಿಕೆ ತೂರಿಸಿ ದ್ರವಾಹಾರ ಸುರಿಯುತ್ತಿರುವಾಗ, ಅದೇ ಕೈದಿಯ ಶವವನ್ನು ಮುಂದೊಂದು ದಿನ ಅಂತ್ಯಕ್ರಿಯೆಗೆ ಸಿಂಗರಿಸುವ ಶಾಟ್‌ಗಳು ನಡುನಡುವೆ ಬಂದು ಹೋಗುತ್ತವೆ. ಎರಡು ಕಾಲದ ಘಟನೆಗಳನ್ನು ಹೀಗೆ ಒಂದರೊಳಗೊಂದು ಹೆಣೆಯುವುದಕ್ಕೆ ಅಡ್ಡ ಸಂಕಲನ ಎನ್ನಬಹುದು. ಬದುಕಿದ್ದಾಗ ಸಿಗದ ಆರೈಕೆ ಸತ್ತ ಮೇಲೆ ಸಿಕ್ಕಿತು ಎಂಬ ಆರೋಪ ಇಲ್ಲಿ ಮಾತಿಲ್ಲದೆಯೇ ನಾಟುತ್ತದೆ. ಆದರೆ ಪ್ರೇಕ್ಷಕನಿಗೆ ಬೇರೆ ತೀರ್ಮಾನಕ್ಕೆ ಬರಲು ಎಡೆಯೂ ಉಳಿಯುವುದಿಲ್ಲ. ಆ ಹೆಣಿಗೆಯಲ್ಲಿ ಒತ್ತಾಯ ಹೆಚ್ಚಾಯಿತೆಂದು ವೈಸ್‌ಮನ್ ಮುಂದೆ ತಾವೇ ಒಪ್ಪಿಕೊಂಡರು. ರೋಗಿಗಳ ಖಾಸಗಿತನಕ್ಕೆ ಧಕ್ಕೆಯಾಗಿದೆಯೆಂದು ರಾಜ್ಯ ಸರ್ಕಾರ ನ್ಯಾಯಾಲಯಕ್ಕೆ ಹೋದ ಪರಿಣಾಮವಾಗಿ ಮ್ಯಾಸಚೂಸೆಟ್ಸ್‌ನಲ್ಲಿ ಚಿತ್ರದ ಸಾರ್ವಜನಿಕ ಪ್ರದರ್ಶನ ನಿಷೇಧಗೊಂಡಿತು. 1969ರಲ್ಲಿ ವೈದ್ಯರು, ವಕೀಲರು, ವಿದ್ಯಾರ್ಥಿಗಳು ಮುಂತಾದವರಿಗೆ ಮಾತ್ರ ನೋಡಲು ಅವಕಾಶ ದೊರೆತು, ನಿರ್ಬಂಧ ಪೂರ್ತಿ ತೆರವಾಗಲು 1991ರವರೆಗೆ ಕಾಯಬೇಕಾಯಿತು.

ಇದಾದ ಮೇಲೆ ವೈಸ್‌ಮನ್ ಸಂಸ್ಥೆಗಳನ್ನೇ ವಸ್ತುವಾಗಿ ಆರಿಸಿಕೊಂಡರು. ಶಾಲೆ, ಪೊಲೀಸ್ ಇಲಾಖೆ, ಸೇನಾ ತರಬೇತಿ ಶಿಬಿರ, ಬಾಲನ್ಯಾಯಾಲಯ ಒಂದೊಂದಾಗಿ ಅವರ ಚಿತ್ರಗಳಾದವು. 1971ರಲ್ಲಿ ಸ್ಥಾಪಿಸಿದ ಜಿಪೋರಾ ಫಿಲ್ಮ್ಸ್ ಮೂಲಕ ವಿತರಣೆಯನ್ನೂ ತಮ್ಮ ಹಿಡಿತದಲ್ಲೇ ಇಟ್ಟುಕೊಂಡರು. ‘ಹೈಸ್ಕೂಲ್’ (1968) ಚಿತ್ರದ ಕೊನೆಯಲ್ಲಿ, ವಿಯೆಟ್ನಾಂ ಯುದ್ಧಕ್ಕೆ ಹೊರಟ ಹಳೆಯ ವಿದ್ಯಾರ್ಥಿಯೊಬ್ಬ ತಾನು ಕೆಲಸ ಮಾಡುವ ಒಂದು ದೇಹ ಮಾತ್ರ ಎಂದು ಬರೆದ ಪತ್ರವನ್ನು ಮುಖ್ಯೋಪಾಧ್ಯಾಯಿನಿ ಓದಿ, ಅದನ್ನು ಶಾಲೆಯ ಯಶಸ್ಸೆಂದೇ ಎತ್ತಿ ಹೇಳುತ್ತಾರೆ. ಇಲ್ಲಿ ಹೆಣಿಗೆಯಿಲ್ಲದಿದ್ದರೂ ಪತ್ರವನ್ನು ಚಿತ್ರದ ಕಟ್ಟಕಡೆಗೆ ಇರಿಸಿದ್ದೇ ಒಂದು ತೀರ್ಪು. ‘ಹಾಸ್ಪಿಟಲ್’ನಲ್ಲಿ (1970) ಈ ಬಿಗಿ ಸಡಿಲಗೊಳ್ಳುತ್ತದೆ. ಅಲ್ಲಿನ ಮನೋವೈದ್ಯನೊಬ್ಬ ದಿಕ್ಕಿಲ್ಲದ ತರುಣನಿಗೆ ನೆರವು ಕೊಡಿಸಲು ಕಲ್ಯಾಣ ಇಲಾಖೆಗೆ ದೂರವಾಣಿ ಮಾಡಿ ಪರಿಪರಿಯಾಗಿ ವಾದಿಸುತ್ತಾನೆ. ಪ್ರೇಕ್ಷಕನಿಗೆ ಕೇಳಿಸುವುದು ಅವನ ಮಾತು ಮಾತ್ರ, ಕೊನೆಗೆ ಆಚೆಯವರು ಕರೆಯನ್ನೇ ಕಡಿದುಹಾಕುತ್ತಾರೆ. ಕ್ಯಾಮೆರಾ ಕದಲದೆ ಕಾದದ್ದರಿಂದಲೇ ಒಳ್ಳೆಯ ನೌಕರನೂ ವ್ಯವಸ್ಥೆಯ ಮುಂದೆ ಎಷ್ಟು ಅಸಹಾಯಕನೆಂಬುದು ತಿಳಿಯುತ್ತದೆ. ನ್ಯೂಯಾರ್ಕಿನ ಕಲ್ಯಾಣ ಕಚೇರಿಯ ಸರದಿಗಳನ್ನು ತೋರಿಸುವ ‘ವೆಲ್‌ಫೇರ್’ (1975) ಇದೇ ದಾರಿಯಲ್ಲಿ ಮುಂದುವರಿದು, ಅರ್ಜಿದಾರರ ವಾಗ್ವಾದಗಳನ್ನು ನಾಟಕದ ಅಂಕಗಳಂತೆ ಬೆಳೆಯಲು ಬಿಡುತ್ತದೆ; ಫ್ರಾನ್ಸಿನ ಅವಿನ್ಯೋನ್ ರಂಗೋತ್ಸವದಲ್ಲಿ 2023ರಲ್ಲಿ ಅದು ರಂಗರೂಪ ತಳೆದದ್ದು ಸಹಜವೇ ಆಗಿದೆ.

ಚಿತ್ರಗಳ ಅವಧಿ ಬೆಳೆದದ್ದೂ ಈ ಬದಲಾವಣೆಯ ಫಲವೇ. ‘ಟಿಟಿಕಟ್ ಫಾಲೀಸ್’ 84 ನಿಮಿಷದ್ದಾದರೆ, ಬಾಸ್ಟನ್ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕವನ್ನು ಕುರಿತ ‘ನಿಯರ್ ಡೆತ್’ (1989) 358 ನಿಮಿಷಗಳಷ್ಟು ದೀರ್ಘವಾಗಿದೆ. ಕೃತಕ ಉಸಿರಾಟವನ್ನು ಮುಂದುವರಿಸಬೇಕೆ ಬೇಡವೇ ಎಂಬ ಪ್ರಶ್ನೆಯನ್ನು ವೈದ್ಯರು, ದಾದಿಯರು, ಕುಟುಂಬದವರು ಮತ್ತೆ ಮತ್ತೆ ಎತ್ತುವುದನ್ನು ಸಂಕ್ಷೇಪಿಸಿದ್ದರೆ, ಆ ನಿರ್ಧಾರದ ಭಾರವೂ ಅದನ್ನು ಮುಂದೂಡುವ ಹಿಂಜರಿಕೆಯೂ ಕಳೆದುಹೋಗುತ್ತಿದ್ದವು. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ‘ಎಕ್ಸ್ ಲಿಬ್ರಿಸ್’ (2017), ಬಾಸ್ಟನ್ ನಗರಾಡಳಿತದ ‘ಸಿಟಿ ಹಾಲ್’ (2020) ಚಿತ್ರಗಳಲ್ಲಿ ಸಭೆಗಳೇ ಪ್ರಧಾನ ದೃಶ್ಯಗಳಾದವು. ‘ಸಿಟಿ ಹಾಲ್’ನಲ್ಲಿ ಬಡಾವಣೆಯೊಂದಕ್ಕೆ ಗಾಂಜಾ ಅಂಗಡಿ ತರಲು ಹೊರಟ ವ್ಯಾಪಾರಿಗಳನ್ನು ಸ್ಥಳೀಯರು ಪ್ರಶ್ನಿಸುವ ಸಭೆ ಬಹಳ ಹೊತ್ತು ನಡೆಯುತ್ತದೆ, ಆರಂಭದಲ್ಲಿ ಪರವಾನಗಿಯ ವಿಚಾರದಂತೆ ಕಂಡದ್ದು ವರ್ಗ, ವಲಸೆ ಮತ್ತು ನಾಗರಿಕ ಹಕ್ಕಿನ ಚರ್ಚೆಯಾಗಿ ಬೆಳೆಯುತ್ತದೆ.

ಈ ಪದ್ಧತಿಗೆ ಮಿತಿಗಳೂ ಇವೆ. ಕ್ಯಾಮೆರಾದ ಮುಂದೆ ನಡೆಯದ ಸಂಗತಿ, ಅಂದರೆ ಸಂಸ್ಥೆಯ ಇತಿಹಾಸ, ಹಣಕಾಸಿನ ಒಳಸುಳಿ, ಮುಚ್ಚಿದ ಬಾಗಿಲ ಹಿಂದಿನ ತೀರ್ಮಾನ, ಇದರ ಹಿಡಿತಕ್ಕೆ ಸಿಗುವುದಿಲ್ಲ. ಸಂಸ್ಥೆ ಒಪ್ಪಿ ಬಾಗಿಲು ತೆರೆದರಷ್ಟೇ ಚಿತ್ರ ಸಾಧ್ಯವಾಗುವುದರಿಂದ, ಕಡೆಯ ವರ್ಷಗಳ ಕೆಲವು ಚಿತ್ರಗಳಲ್ಲಿ ವಿಮರ್ಶೆಗಿಂತ ಮೆಚ್ಚುಗೆಯೇ ಮುಂದಾಗಿದೆ ಎಂಬ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆದರೆ ವೈಸ್‌ಮನ್ ತಮ್ಮ ಚಿತ್ರಗಳು ತಟಸ್ಥವೆಂದು ಎಂದೂ ಸಾಧಿಸಲು ಹೋಗಲಿಲ್ಲ. ಆಯ್ಕೆಯಿರುವಲ್ಲಿ ಪಕ್ಷವೂ ಇರುತ್ತದೆಂಬುದು ಅವರ ನಿಲುವು. 2014ರಲ್ಲಿ ವೆನಿಸ್ ಚಿತ್ರೋತ್ಸವದ ಜೀವಮಾನ ಸಾಧನೆಯ ಸ್ವರ್ಣಸಿಂಹ, 2016ರಲ್ಲಿ ಗೌರವ ಆಸ್ಕರ್ ಈ ನಿಲುವಿನ ಕೃತಿಗಳಿಗೆ ಸಂದವು.

ಹೊಸದಾಗಿ ನೋಡುವವರು ‘ಹಾಸ್ಪಿಟಲ್’ನಿಂದ ಆರಂಭಿಸಿ, ‘ವೆಲ್‌ಫೇರ್’ ಮೂಲಕ ‘ಸಿಟಿ ಹಾಲ್’ಗೆ ಬರುವುದು ಒಳಿತು. ದೃಶ್ಯವೊಂದು ಮುಗಿಯಿತೆಂದು ಅನಿಸಿದ ಮೇಲೂ ಅದು ಎಷ್ಟು ಮುಂದುವರಿಯುತ್ತದೆ, ಹಾಗೆ ಮುಂದುವರಿದದ್ದರಿಂದ ಯಾರ ಬಗೆಗಿನ ಎಣಿಕೆ ಬದಲಾಗುತ್ತದೆ ಎಂಬುದನ್ನು ಗುರುತಿಸುತ್ತ ಹೋದರೆ, ನಿರೂಪಕನಿಲ್ಲದ ಈ ಚಿತ್ರಗಳಲ್ಲಿ ನಿರ್ದೇಶಕ ಎಲ್ಲಿ ನಿಂತು ಮಾತನಾಡುತ್ತಿದ್ದಾನೆಂಬುದು ತಿಳಿಯುತ್ತದೆ.